ಕೋಟೆಗೆ ಟರ್ಪಾಲು

ಬೆಳಗ್ಗೆಯಿಂದ ಕಾಸರಗೋಡಿನಲ್ಲಿ ಬಿಡದ ಮಳೆ, ನಾನು ಲ್ಯಾಪ್‌ಟಾಪ್ ಮುಂದೆ. ವಾಲ್‌ಪೇಪರಿನಲ್ಲಿ ಬೇಕಲ ಕೋಟೆ, ಅದರ ಬುರುಜಿನ ಮೇಲೆ ಸರಿಯಾಗಿ ಕಾಂಕಿಯ ಕಪ್ಪು ಡಬ್ಬ. ಕಾಂಕಿ ಅಂದರೆ ಲ್ಯಾಪ್‌ಟಾಪಿನ ಬಿಸಿ, ಮೆಮೊರಿ ಎಲ್ಲ ಪರದೆಯ ಮೇಲೆ ಬರೆದು ತೋರಿಸುವ ಒಂದು ಲಿನಕ್ಸ್ ಪ್ರೋಗ್ರಾಂ.

ಅಮ್ಮ ಚಾ ಇಡುತ್ತಾ ನೋಡಿದರು. "ಕೋಟೆಗೆ ಎಂತಕ್ಕೆ ಟರ್ಪಾಲು ಹಾಕಿದ್ದು?"

ಕಾಂಕಿಯ ಕಾನ್ಫಿಗ್‌ನಲ್ಲಿ, ಅಂದರೆ ಸೆಟ್ಟಿಂಗ್ ಫೈಲಿನಲ್ಲಿ, ಕಿಟಕಿ ಪಾರದರ್ಶಕ ಆಗಲು ಬೇಕಾದ ಎಆರ್‌ಜಿಬಿ ವಿಶುವಲ್ ಟ್ರೂ ಅಂತ ಇತ್ತು. ಆದರೆ ಹಳೇ ಲ್ಯಾಪ್‌ಟಾಪಿಗೆ ಭಾರ ಆಗದಿರಲಿ ಅಂತ ಕಂಪೋಸಿಟರ್ ಆಫ್ ಮಾಡಿದ್ದೆ, ಮಾಡಿದ್ದೂ ಮರೆತಿದ್ದೆ. ಅದಿಲ್ಲದೆ ಹಿಂದಿನ ಚಿತ್ರದ ಜೊತೆ ಕಿಟಕಿಯನ್ನು ಬೆರೆಸುವವರು ಯಾರು? ಕಪ್ಪೇ ಗತಿ. ಆನ್ ಮಾಡಿದೆ, ಡಬ್ಬ ಮಾಯ.

ಆದರೆ ಅಕ್ಷರವೂ ಮಾಯ! ಬಿಳಿ ಮೋಡದ ಮೇಲೆ ಬಿಳಿ ಅಕ್ಷರ, ಕಾಣುವುದಾದರೂ ಹೇಗೆ. ಒಂದು ಗಂಟೆ ಬೈದುಕೊಂಡ ಅದೇ ಕಪ್ಪನ್ನು ಈಗ ನಾನೇ ವಾಪಸ್ ಕರೆಯಬೇಕಾಯಿತು ಮಾರಾಯ್ರೆ. ಕಿಟಕಿಯನ್ನು ಪೂರ್ತಿ ಪಾರದರ್ಶಕ ಮಾಡುವ ಓನ್ ವಿಂಡೋ ಟ್ರಾನ್ಸ್‌ಪರೆಂಟ್ ಫಾಲ್ಸ್ ಮಾಡಿ, ಎಆರ್‌ಜಿಬಿ ವ್ಯಾಲ್ಯೂ 90 ಕೊಟ್ಟೆ. 0 ಅಂದರೆ ಪೂರ್ತಿ ಗಾಜು, 255 ಅಂದರೆ ಗೋಡೆ. 90ಕ್ಕೆ ಮಳೆ ಬರುವ ಮುಂಚಿನ ಸಂಜೆಯ ಹಾಗೆ ತೆಳು ಮಬ್ಬು, ಒಳಗೆ ಕೋಟೆಯೂ ಉಂಟು, ಅಕ್ಷರವೂ ಉಂಟು. ನನಗೆ ಪೂರ್ತಿ ಗಾಜಿಗಿಂತ ಇದೇ ಜಾಸ್ತಿ ಇಷ್ಟವಾಯಿತು.

ಅಮ್ಮನಿಗೆ ತೋರಿಸಿದೆ. ಅವರು ಕೋಟೆ ನೋಡಲೇ ಇಲ್ಲ, ಮೂಲೆಯ 61 ಡಿಗ್ರಿ ನೋಡಿ ಲ್ಯಾಪ್‌ಟಾಪ್ ಮುಟ್ಟಿ ನೋಡಿದರು.

"ಇದಕ್ಕೆ ಜ್ವರ ಉಂಟಲ್ಲಾ?"