ಅಡಿಕೆ ತೂಗುವ ಯಂತ್ರದ ಮೇಲೆ ಒಂದು ಜೋಡಿ ಸ್ಕೀ

ನನ್ನ ಎತ್ತರ 149 ಸೆಂಟಿಮೀಟರ್, ತೂಕ 46 ಕಿಲೋ. ಈ ಎರಡು ಅಂಕಿ ಕಿವಿಗೆ ಬಿದ್ದರೆ ಸಾಕು, ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಸ್ಕೀ ಹಲಗೆಗಳ ಅಂಗಡಿಯವರ ಕೈ ತಾನಾಗಿಯೇ ಹೊಸಬರ ಸಾಲಿನತ್ತ ಹೋಗುತ್ತದೆ. ಜಪಾನಿನ ಸಪ್ಪೊರೊದಲ್ಲಿ ಕೆಲಸಕ್ಕಿದ್ದಾಗ ಚಳಿಗಾಲದ ರಜೆಗಳನ್ನೆಲ್ಲ ನಾನು ತೇಯ್ನೆ ಗುಡ್ಡದ ಮೇಲೆಯೇ ಕಳೆದವಳು. 1972ರ ಒಲಿಂಪಿಕ್ಸ್‌ನಲ್ಲಿ ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಲಾಲಂ ಸ್ಪರ್ಧೆ ನಡೆದ ಗುಡ್ಡ ಅದು. ಸೈಬೀರಿಯಾದ ಗಾಳಿ ಜಪಾನ್ ಸಮುದ್ರದ ಆವಿಯನ್ನು ಹೊತ್ತು ತಂದು ಹೊಕ್ಕೈಡೊದ ಮೇಲೆ ಸುರಿಯುವ ಒಣ ಪುಡಿಹಿಮದಲ್ಲಿ, ಮರಗಳ ಸಂದಿಯಲ್ಲಿ ನುಸುಳಿ ಇಳಿಯುವುದನ್ನು ಅಲ್ಲಿಯೇ ಕಲಿತೆ. ಆದರೂ ಆಳು ಸಣ್ಣದೆಂದರೆ ವಿದ್ಯೆಯೂ ಸಣ್ಣದೆಂದೇ ಅಂಗಡಿಯವರ ಲೆಕ್ಕ. ಒಂದು ಬಾಡಿಗೆ ಅಂಗಡಿಯಲ್ಲಿ ನನಗೆ ಕೊಟ್ಟ ಸ್ಕೀಯ ಮೇಲೆ ಗುಲಾಬಿ ಹೂವಿನ ಚಿತ್ತಾರವಿತ್ತು. ಹೂವಿನ ಬಗ್ಗೆ ನನ್ನ ತಕರಾರಿಲ್ಲ. ಅದರ ಬೆನ್ನಿನಲ್ಲಿ ಕಸುವೇ ಇರಲಿಲ್ಲ. ಸ್ವಲ್ಪ ವೇಗ ಬಂದರೆ ತುದಿಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು.

ಈಗ ಕಾರವಾರದಲ್ಲಿ ನೌಕರಿ, ಶಿರಸಿ ತಾಲ್ಲೂಕಿನ ತೋಟದ ಊರಿನಲ್ಲಿ ಮನೆ. ಜನವರಿ ಕೊನೆಯಲ್ಲಿ ಕಾಶ್ಮೀರದ ಗುಲ್ಮಾರ್ಗಕ್ಕೆ ಹೋಗುವುದು ರೂಢಿಯಾಗಿದೆ. ಜಪಾನಿನಿಂದ ತಂದ ಹಳೆಯ ಸ್ಕೀಗಳು ಕಾರವಾರದ ಉಪ್ಪು ಗಾಳಿಯಲ್ಲಿ ಎಷ್ಟು ಕಾಲ ಬಾಳಬಹುದು? ಉಕ್ಕಿನ ಅಂಚಿಗೆ ಪ್ರತಿ ಮಳೆಗಾಲದಲ್ಲಿ ತುಕ್ಕು ಬರುತ್ತಿತ್ತು, ನಾನು ಉಜ್ಜಿ ತೆಗೆದು ದಪ್ಪಗೆ ಮೇಣ ಮೆತ್ತುತ್ತಿದ್ದೆ. ಈ ಸಲ ಒಂದರ ಹಿಂತುದಿಯಲ್ಲಿ ಪದರಗಳೇ ಬಿಟ್ಟುಕೊಂಡು ಉಗುರು ತೂರುವಷ್ಟು ಬಾಯಿ ತೆರೆದಿತ್ತು. ಅಂಟು ಹಾಕಿ ಬಿಗಿದು ಇನ್ನೊಂದು ಹಂಗಾಮು ಓಡಿಸಬಹುದಿತ್ತೇನೋ. ಆದರೆ ಮ್ಯೂನಿಕ್‌ನಲ್ಲಿರುವ ಚಿಕ್ಕಮ್ಮನ ಮಗ ವಿನಾಯಕ ಚೌತಿಗೆ ಊರಿಗೆ ಬರುವವನಿದ್ದ. “ಅಕ್ಕಾ, ಇಲ್ಲಿ ಬೇಸಿಗೆಯ ರಿಯಾಯಿತಿ ಈ ಶನಿವಾರ ಸಂಜೆಗೆ ಮುಗಿಯುತ್ತದೆ. ಯಾವುದು ಬೇಕೆಂದು ಅಷ್ಟರೊಳಗೆ ಹೇಳಿಬಿಡು, ತಂದುಕೊಡುತ್ತೇನೆ” ಎಂದ. ಅವನಿಗೆ ಸ್ಕೀ ಬರುವುದಿಲ್ಲ, ಆದರೆ ಮೆಕ್ಯಾನಿಕಲ್ ಎಂಜಿನಿಯರ್. ಅಂಗಡಿಯಲ್ಲಿ ನಿಂತು ಫೋಟೋ, ವಿಡಿಯೋ ಕಳಿಸುವ ಕೆಲಸ ಅವನದು, ಆರಿಸುವ ಕೆಲಸ ನನ್ನದು.

ಆ ಶನಿವಾರ ನಾನು ಶಿರಸಿಯ ಮನೆಯಲ್ಲಿದ್ದೆ. ಆಷಾಢದ ಮಳೆ, ಕರೆಂಟು ಹಿಂದಿನ ರಾತ್ರಿಯೇ ಹೋಗಿತ್ತು. ಮೊಬೈಲ್ ಸಿಗ್ನಲ್ ಬೇಕೆಂದರೆ ಕೊಡೆ ಹಿಡಿದು ಸೊಪ್ಪಿನ ಬೆಟ್ಟದ ನೆತ್ತಿಗೆ ಹತ್ತಬೇಕು, ಇಂಬಳ ಕಿತ್ತು ಬಿಸಾಡುತ್ತಾ. ಬೆಳಿಗ್ಗೆ ಒಮ್ಮೆ ಹತ್ತಿ ವಿಡಿಯೋಗಳನ್ನೆಲ್ಲ ಇಳಿಸಿಕೊಂಡು ಬಂದೆ. ಇಳಿಯುವಾಗ ಲೆಕ್ಕ ಶುರುವಾಗಿತ್ತು.

ಮೊದಲು ಹಳೆಯದರ ತೂಕ ನೋಡೋಣವೆಂದು ಅಪ್ಪಯ್ಯನ ಅಡಿಕೆ ತೂಗುವ ಯಂತ್ರವನ್ನು ಜಗಲಿಗೆ ಎಳೆದೆ. ಬ್ಯಾಟರಿಯಲ್ಲಿ ಇನ್ನೂ ಜೀವವಿತ್ತು. ಒಂದು ಕಾಲಿನ ಸ್ಕೀ, ಬೂಟನ್ನು ಅದಕ್ಕೆ ಹಿಡಿದಿಡುವ ಬೈಂಡಿಂಗ್ ಸೇರಿ, ಮೂರು ಕಿಲೋ ನೂರು ಗ್ರಾಂ. ಎರಡು ಕಿಲೋ ಸ್ಕೀಯದು, ಉಳಿದದ್ದು ಬೈಂಡಿಂಗ್‌ನದು. ಅಂಗಡಿಯ ಮಟ್ಟಿಗೆ ಇದೇನೂ ಭಾರವಲ್ಲ, ಅಗಲ ಸ್ಕೀಗಳು ಇಷ್ಟು ತೂಗುವುದು ಸಾಮಾನ್ಯವೇ. ಆದರೆ ನನ್ನ ಮೈತೂಕದ ಲೆಕ್ಕದಲ್ಲಿ ನೋಡಿ: 82 ಕಿಲೋದ ಆಳಿಗೆ ಒಂದೊಂದು ಕಾಲಿಗೆ ಐದೂವರೆ ಕಿಲೋ ಕಟ್ಟಿದಂತಾಯಿತು. ಅಂಥದ್ದನ್ನು ಯಾವ ಗಂಡಸಿಗಾದರೂ ಮಾರಲಿ ನೋಡೋಣ.

ಕೊಳೆ ಔಷಧ ಹೊಡೆಯಲು ಬಂದು ಮಳೆ ಬಿಡುವುದನ್ನೇ ಕಾಯುತ್ತಿದ್ದ ಕೊನೆಗೌಡ ಜಗಲಿಯ ತುದಿಯಲ್ಲಿ ಕವಳ ಹಾಕಿಕೊಂಡು ಕುಳಿತಿದ್ದ. “ಇದನ್ನು ಕಾಲಿಗೆ ಕಟ್ಟಿಕೊಂಡು ಹತ್ತುವುದೂ ಉಂಟೇ ಅಮ್ಮಾ?” ಎಂದು ಕೇಳಿದ. ಉಂಟು ಎಂದೆ. ಗುಲ್ಮಾರ್ಗದ ಗೊಂಡೋಲಾ, ಅಂದರೆ ತಂತಿಯ ಮೇಲೆ ಓಡುವ ತೊಟ್ಟಿಲು, ಎರಡನೇ ಹಂತದಲ್ಲಿ ಅಫರ್ವತ್ ಬೆಟ್ಟದ ಹೆಗಲಿಗೆ, ನಾಲ್ಕು ಸಾವಿರ ಮೀಟರ್‌ಗೆ ಹತ್ತಿರ, ಒಯ್ದು ಬಿಡುತ್ತದೆ. ಆದರೆ ಒಳ್ಳೆಯ ಹಿಮ ಬಿದ್ದ ಮರುದಿನವೇ ಗಾಳಿಗೋ ಹಿಮಕುಸಿತದ ಭಯಕ್ಕೋ ಮೇಲಿನ ಹಂತ ಮುಚ್ಚಿರುತ್ತದೆ. ಆಗ ಸ್ಕೀಯ ಅಡಿಗೆ, ಹಿಂದಕ್ಕೆ ಜಾರದಂತೆ ತಡೆಯುವ ಸ್ಕಿನ್ ಎಂಬ ಪಟ್ಟಿ ಅಂಟಿಸಿಕೊಂಡು ಕಾಲ್ನಡಿಗೆಯಲ್ಲಿ ಹತ್ತುವುದೇ ದಾರಿ. ಕೊನೆಗೌಡ ತಲೆಯಾಡಿಸಿ, “ಹಾಗಾದರೆ ಹಗುರದ್ದೇ ಬೇಕು” ಎಂದು ಎದ್ದ. ಮಳೆ ಬಿಟ್ಟಿತ್ತು.

(ಆ ಸ್ಕಿನ್‌ಗಳದೇ ಒಂದು ಕತೆ. ಸೆಕೆಗೆ ಅದರ ಅಂಟು ಕರಗಿ ರಾಡಿಯಾಗುವುದರಿಂದ ಫ್ರಿಜ್‌ನಲ್ಲಿ ಇಡುತ್ತೇನೆ. ತಂಬುಳಿಯ ಪಾತ್ರೆಯ ಪಕ್ಕದಲ್ಲಿ ರೋಮವಿರುವ ಉದ್ದನೆಯ ಪಟ್ಟಿ ಕಂಡು ಆಯಿ ಮೊದಲ ಸಲ ಕಿರುಚಿದ್ದಳು. ಈಗ ಅದು ನೈಲಾನ್ ಎಂದು ನೆಂಟರಿಗೆ ಅವಳೇ ವಿವರಿಸುತ್ತಾಳೆ.)

ವಿನಾಯಕ ಮೂರು ಜೋಡಿ ತೋರಿಸಿದ್ದ. ಮೊದಲನೆಯದು ಹೆಂಗಸರಿಗೆಂದೇ ಮಾಡಿದ್ದು: 156 ಸೆಂಟಿಮೀಟರ್ ಉದ್ದ, ನಡುವಿನಲ್ಲಿ 96 ಮಿಲಿಮೀಟರ್ ಅಗಲ. ಎರಡನೆಯದು ಕಾರ್ಬನ್: 168 ಉದ್ದ, 118 ಅಗಲ, ಇಷ್ಟಿದ್ದೂ ಒಂದು ಕಾಲಿನದರ ತೂಕ 1,450 ಗ್ರಾಂ. ಮೂರನೆಯದು 162 ಉದ್ದ, 104 ಅಗಲ, 1,580 ಗ್ರಾಂ. ಅಂಗಡಿಯ ಹುಡುಗ ಎರಡನೆಯದನ್ನು ಬಹಳ ಹೊಗಳಿದನಂತೆ. ಪುಡಿಹಿಮಕ್ಕೆಂದರೆ ಅಗಲವೇ ಪ್ರಾಣ, ಅಷ್ಟು ಅಗಲ ಇಷ್ಟು ಹಗುರವಾಗಿ ಇನ್ನೆಲ್ಲಿ ಸಿಗುತ್ತದೆ ಎಂಬುದು ಅವನ ವಾದ.

ಹಳೆಯ ಅಡಿಕೆ ಪಟ್ಟಿಯೊಂದರ ಬೆನ್ನಿನ ಮೇಲೆ ಲೆಕ್ಕ ಹಾಕಿದೆ. ಹಿಮದಲ್ಲಿ ತೇಲುವುದೆಂದರೆ ಒತ್ತಡದ ಮಾತು; ತೂಕವನ್ನು ಸ್ಕೀಯ ವಿಸ್ತೀರ್ಣದಿಂದ ಭಾಗಿಸಿದರೆ ಆಯಿತು. ಬೂಟು, ಬಟ್ಟೆ, ಬೆನ್ನಿನ ಚೀಲದಲ್ಲಿ ಹಿಮಕುಸಿತದ ಸಲಿಕೆ, ಶೋಧಕೋಲು ಎಲ್ಲ ಸೇರಿ ನಾನು 58 ಕಿಲೋ. ನನ್ನ ಜೊತೆ ಗುಲ್ಮಾರ್ಗಕ್ಕೆ ಬರುವ ಗೆಳೆಯನೊಬ್ಬ ಸಾಮಾನು ಸಮೇತ 96 ಕಿಲೋ. ಅವನದು 184 ಉದ್ದ, 118 ಅಗಲದ ಸ್ಕೀ, ಸೊಂಟದ ತನಕದ ಹಿಮದಲ್ಲಿಯೂ ಹಾಯಾಗಿ ತೇಲುತ್ತಾನೆ. ಉದ್ದವನ್ನು ನಡು ಅಗಲದಿಂದ ಗುಣಿಸಿ ಎರಡೂ ಕಾಲಿನದನ್ನು ಕೂಡಿಸಿದ ಒರಟು ಲೆಕ್ಕದಲ್ಲಿ ಅವನ ಕೆಳಗೆ ಚದರ ಸೆಂಟಿಮೀಟರಿಗೆ 22 ಗ್ರಾಂ ಬೀಳುತ್ತದೆ. ನನಗೆ 104ರ ಮೇಲೆ 17, 96ರ ಮೇಲೆ 19. ಹೆಂಗಸರ ಆ ಸಣ್ಣ ಸ್ಕೀಯ ಮೇಲೆಯೂ ನಾನು ಅವನಿಗಿಂತ ಚೆನ್ನಾಗಿಯೇ ತೇಲುತ್ತೇನೆ! 118ರ ಮೇಲೆ ನಿಂತರೆ ಒತ್ತಡ 15ಕ್ಕೂ ಕಡಿಮೆ. ಅಷ್ಟನ್ನು ಇಟ್ಟುಕೊಂಡು ಏನು ಮಾಡಲಿ?

ಅಗಲಕ್ಕೆ ಕೊಡಬೇಕಾದ ಬೆಲೆಯೂ ಇದೆ. ನನ್ನ ಬೂಟಿನ ಅಳತೆ 22.5, ಅಂದರೆ ಅಷ್ಟು ಸೆಂಟಿಮೀಟರ್ ಉದ್ದದ ಪಾದಕ್ಕೆ. ಇಷ್ಟು ಸಣ್ಣ ಪಾದದ ಕೆಳಗೆ 118 ಮಿಲಿಮೀಟರಿನ ಹಲಗೆ ಇದ್ದರೆ ಅಂಚು ಪಾದದಿಂದ ಎಲ್ಲೋ ಹೊರಗೆ ಉಳಿಯುತ್ತದೆ. ಮೆತ್ತನೆಯ ಹಿಮದಲ್ಲಿ ಅದು ಗೊತ್ತಾಗುವುದಿಲ್ಲ. ಮಧ್ಯಾಹ್ನದ ಮೇಲೆ ಗಟ್ಟಿಯಾದ ಇಳಿಜಾರಿನಲ್ಲಿ ಸ್ಕೀಯನ್ನು ಅಂಚಿನ ಮೇಲೆ ಎತ್ತಿ ನಿಲ್ಲಿಸುವಾಗ ಎಲ್ಲ ಭಾರವನ್ನೂ ಮೊಣಕಾಲು ಹೊರಬೇಕು. ಪುಡಿಹಿಮಕ್ಕೆ ಹೋದವರಿಗೆ ಗಟ್ಟಿ ಹಿಮದ ಚಿಂತೆ ಯಾಕೆ ಎನ್ನಬಹುದು. 2024ರ ಜನವರಿಯಲ್ಲಿ ಗುಲ್ಮಾರ್ಗದಲ್ಲಿ ಹಿಮವೇ ಇಲ್ಲದೆ ಹುಲ್ಲು ಕಾಣುತ್ತಿತ್ತು. ಚಿಲ್ಲೈ ಕಲಾನ್ ಎಂಬ ಅಲ್ಲಿನ ನಲವತ್ತು ದಿನಗಳ ಕಡು ಚಳಿಯ ಅವಧಿ ಬಹುಮಟ್ಟಿಗೆ ಒಣಗಿಯೇ ಕಳೆಯಿತು. ಪಶ್ಚಿಮದ ಮಾರುತಗಳನ್ನು ನಂಬಿಕೊಂಡು ವಿಮಾನದ ಟಿಕೆಟ್ ಕಾದಿರಿಸುವವರು ಎಲ್ಲ ಬಗೆಯ ಹಿಮಕ್ಕೂ ಸಿದ್ಧರಾಗಿ ಹೋಗುವುದು ಒಳ್ಳೆಯದು.

ತೇಲುವುದಕ್ಕೆ ಅಗಲಕ್ಕಿಂತ ಹೆಚ್ಚು ಉಪಕಾರ ಮಾಡುವುದು ಆಕಾರ. ಕಾರವಾರದ ಬೈತಖೋಲದಲ್ಲಿ ದೋಣಿಗಳ ಮೂತಿ ನೋಡಿದವರಿಗೆ ರಾಕರ್, ಅಂದರೆ ತುದಿಯ ಮೇಲ್ಬಾಗು, ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮೇಲಕ್ಕೆದ್ದ ಮೂತಿ ಅಲೆಯನ್ನು ಇರಿಯದೆ ಹತ್ತುತ್ತದೆ. ಸ್ಕೀಗೂ ಈ ಬುದ್ಧಿ ನೀರಿನಿಂದಲೇ ಬಂದದ್ದು. ಶೇನ್ ಮೆಕಾಂಕಿ ಎಂಬ ಸ್ಕೀ ಪಟು ಅಲಾಸ್ಕಾದಲ್ಲಿ ವಾಟರ್ ಸ್ಕೀಗಳಿಗೇ ಬೈಂಡಿಂಗ್ ಬಿಗಿದುಕೊಂಡು ಹಿಮದಲ್ಲಿ ಇಳಿದು ತೋರಿಸಿದ. ಅವನ ಯೋಚನೆಯಂತೆ 2000ದ ದಶಕದ ಆರಂಭದಲ್ಲಿ ವೊಲಾಂಟ್ ಕಂಪನಿ ‘ಸ್ಪ್ಯಾಚುಲಾ’ ಎಂಬ ಸ್ಕೀಯನ್ನು ಹೊರತಂದಿತು. ಎರಡೂ ತುದಿ ಮೇಲಕ್ಕೆ ಬಾಗಿದ್ದ ಅದನ್ನು ಕಂಡು ನಕ್ಕವರ ಕಂಪನಿಗಳೂ ಮುಂದೆ ಪುಡಿಹಿಮದ ಸ್ಕೀಗಳಿಗೆ ರಾಕರ್ ಕೊಡತೊಡಗಿದವು. ಸಣ್ಣಾಳಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ತುದಿಗಳು ಎದ್ದಿರುವುದರಿಂದ ಗಟ್ಟಿ ಹಿಮದಲ್ಲಿ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಹಾಗಾಗಿ ನನಗಿಂತ ಹದಿಮೂರು ಸೆಂಟಿಮೀಟರ್ ಉದ್ದದ ಸ್ಕೀಯೂ ತಿರುಗಿಸಲು ಗಿಡ್ಡದರಂತೆಯೇ ಇರುತ್ತದೆ, ಆಳ ಹಿಮದಲ್ಲಿ ಪೂರ್ತಿ ಉದ್ದ ಕೆಲಸಕ್ಕೆ ಬರುತ್ತದೆ. ಎತ್ತರ ನೋಡಿ ಗಲ್ಲದವರೆಗಿನ ಸ್ಕೀ ಕೊಡುವ ಪದ್ಧತಿ ಕಲಿಯುವವರಿಗೆ ಸರಿ.

ಹಾಗಾದರೆ ಮೊದಲನೆಯದು ಯಾಕೆ ಬೇಡ? ಅದು ಮೆದು. ವಿನಾಯಕನಿಗೆ ಒಂದು ಕೆಲಸ ಹೇಳಿದ್ದೆ: ಪ್ರತಿ ಸ್ಕೀಯ ಬುಡವನ್ನು ನೆಲಕ್ಕೆ ಊರಿ, ಒಂದು ಕೈಯಲ್ಲಿ ಮೇಲಿನ ತುದಿ ಹಿಡಿದು, ಇನ್ನೊಂದು ಅಂಗೈಯಿಂದ ನಡುವನ್ನು ಒತ್ತಿ ತೋರಿಸು; ಆಮೇಲೆ ತುದಿಯನ್ನು ಬೆರಳಿನಿಂದ ಮೀಟಿ ಬಿಡು. ಹೆಂಗಸರ ಸ್ಕೀ ಅವನ ಅಂಗೈಗೆ ಸಲೀಸಾಗಿ ಬಾಗಿತು. ಕಾರ್ಬನ್ನಿನದು ಬಾಗಲೇ ಒಲ್ಲದು, ಆದರೆ ಮೀಟಿದಾಗ ಅದರ ತುದಿ ಗುಂಯ್ ಎಂದು ಬಹಳ ಹೊತ್ತು ನಡುಗುತ್ತಲೇ ಇತ್ತು. ಮೂರನೆಯದಕ್ಕೆ ಪೌಲೋನಿಯಾ ಮರದ ತಿರುಳು, ಪಾದದ ಕೆಳಗೆ ಮಾತ್ರ ತೆಳು ಲೋಹದ ತಗಡು. ಅದರ ತುದಿ ಎರಡು ಸಲ ಅಲುಗಿ ಸುಮ್ಮನಾಯಿತು. ಅದನ್ನೇ ಫೋನಿನಲ್ಲಿ ತಿರುಗಾ ಮುರುಗಾ ನೋಡಿದೆ. ತೀರಾ ಹಗುರವಾದ ಸ್ಕೀಯ ಕಷ್ಟ ಇದೇ. ಹತ್ತಾರು ಜನ ಇಳಿದು ಉತ್ತಂತಾದ ಹಿಮಕ್ಕೆ ಬಿದ್ದಾಗ ಅದು ಪ್ರತಿ ಹೆಂಟೆಗೂ ದಿಕ್ಕು ಬದಲಿಸುತ್ತದೆ. ಭಾರದ ಆಳಾದರೆ ಮೈತೂಕದಿಂದ ಅದುಮಿ ಹಿಡಿಯುತ್ತಾನೆ. ನನ್ನ ಬಳಿ ಅದುಮಲು ತೂಕವಿಲ್ಲ. ಅಂದರೆ ಹಗುರ ಬೇಕಾದವಳೂ ನಾನೇ, ಅತಿ ಹಗುರದಿಂದ ಹೆಚ್ಚು ಪೆಟ್ಟು ತಿನ್ನುವವಳೂ ನಾನೇ. ಕಂಪನಿಗಳು ಈ ಎರಡನ್ನೂ ಒಟ್ಟಿಗೆ ಯೋಚಿಸುವುದು ಅಪರೂಪ. ಚಿಕ್ಕ ಅಳತೆಯಲ್ಲಿ ಸಿಗುವುದೆಲ್ಲ ಮೆದು, ಕಸುವಿರುವುದೆಲ್ಲ 172ರಿಂದ ಮೇಲೆ. ಮೂರನೆಯದರ 130 ಗ್ರಾಂ ಹೆಚ್ಚುವರಿ ತೂಕವನ್ನು ನಾನು ಸಂತೋಷದಿಂದ ಹೊರುತ್ತೇನೆ.

ತೂಕ ಇಳಿಸಬೇಕಾದ ಜಾಗ ಬೈಂಡಿಂಗ್. ಫ್ರಿಟ್ಜ್ ಬಾರ್ಟೆಲ್ ಎಂಬ ಆಸ್ಟ್ರಿಯಾದವನು ಭಾರದ ಸಲಕರಣೆ ಹೊತ್ತು ಮೌಂಟ್ ಬ್ಲಾಂಕ್ ಹತ್ತಿ ಬೇಸತ್ತು, 1980ರ ದಶಕದಲ್ಲಿ ಬೂಟಿನ ಮೂತಿಯನ್ನು ಎರಡು ಮೊಳೆಗಳಿಂದ ಹಿಡಿಯುವ ಬೈಂಡಿಂಗ್ ಕಂಡುಹಿಡಿದ. ನಾನು ಒಪ್ಪಿದ್ದು ಆ ಜಾತಿಯದು, ಬ್ರೇಕ್ ಸೇರಿ ಒಂದು ಕಾಲಿಗೆ ಆರುನೂರು ಗ್ರಾಂ ಚಿಲ್ಲರೆ. ಅಂಗಡಿಯ ಹುಡುಗ ಇಲ್ಲಿಯೂ ಬಿಡಲಿಲ್ಲ. ಪರಿಣತರಿಗೆ 6ರಿಂದ 16ರವರೆಗಿನ ಬೈಂಡಿಂಗ್ ಚೆನ್ನ ಎಂದನಂತೆ. ಬೀಳುವಾಗ ಬೂಟು ಕಳಚಿಕೊಳ್ಳಬೇಕಾದ ಬಿಗಿಯ ಅಂಕಿ ಅದು. ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡದ ಕೋಷ್ಟಕದಲ್ಲಿ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಇಳಿಯುವ ರೀತಿ ಇವನ್ನೆಲ್ಲ ನೋಡಿ ಅದನ್ನು ಗೊತ್ತುಮಾಡುತ್ತಾರೆ. ನಾನು ಎಷ್ಟೇ ರಭಸದಿಂದ ಇಳಿಯುವವಳೆಂದು ಬರೆಸಿದರೂ ನನ್ನದು ಐದರ ಆಸುಪಾಸು. ಆರರಿಂದ ಶುರುವಾಗುವ ಬೈಂಡಿಂಗ್ ನನ್ನ ಕಾಲನ್ನು ಬಿಡುವ ಮೊದಲು ಮೊಣಕಾಲು ತಿರುಚಿರುತ್ತದೆ. ಪರಿಣತಿಗೂ ಮೂಳೆಯ ಗಾತ್ರಕ್ಕೂ ಏನು ಸಂಬಂಧ?

ಸಂಜೆ ನಾಲ್ಕಕ್ಕೆ ಮತ್ತೆ ಬೆಟ್ಟ ಹತ್ತಿ ಸಂದೇಶ ಕಳಿಸಿದೆ: ಮೂರನೆಯದು, ಮೊಳೆ ಬೈಂಡಿಂಗ್, ನಾಲ್ಕರ ಕೆಳಗಿನಿಂದ ಶುರುವಾಗುವಂಥದ್ದೇ ಆಗಬೇಕು. ಅಟ್ಟೆಯ ಉದ್ದ ಬೂಟಿನ ಹಿಮ್ಮಡಿಯ ಮೇಲೆ ಅಚ್ಚಾಗಿರುತ್ತದೆ, ಅದನ್ನೂ ಬರೆದೆ. ತೂತು ಕೊರೆಯುವ ಕೆಲಸ ಅಲ್ಲಿಯೇ ಆಗಲಿ, ಬಿಗಿಯನ್ನು ಮಾತ್ರ ಬೂಟು ತೊಡಿಸಿ ಗುಲ್ಮಾರ್ಗದಲ್ಲಿ ಹೊಂದಿಸಿಕೊಳ್ಳುತ್ತೇನೆ ಎಂದೆ. ಅವನು ಹೆಬ್ಬೆರಳಿನ ಚಿತ್ರ ಕಳಿಸಿ, ಹಿಂದೆಯೇ ಆಯಿಯ ಕೈಯ ತೊಡೆದೇವು ಕಟ್ಟಿಸಿಡಲು ಹೇಳಿದ.

ರಾತ್ರಿ ಊಟಕ್ಕೆ ಕುಳಿತಾಗ ಅಪ್ಪಯ್ಯ ಕೇಳಿದರು: “ತಂಗೀ, ಅಂತೂ ಎಷ್ಟು ಉಳಿಯಿತು?” ಹಣದ ಮಾತೆಂದುಕೊಂಡು ನಾನು ಹಿಂಜರಿದೆ, ಅವರು ಕೇಳಿದ್ದು ತೂಕ. ಜೋಡಿಗೆ ಒಂದೂಮುಕ್ಕಾಲು ಕಿಲೋ ಉಳಿಯುತ್ತದೆ ಎಂದೆ. ಹುಬ್ಬಳ್ಳಿಯಿಂದ ದೆಹಲಿ, ಅಲ್ಲಿಂದ ಶ್ರೀನಗರ ಎಂದರೆ ವಿಮಾನದ ಹೊಟ್ಟೆಗೆ ಹಾಕುವ ಲಗೇಜು ಹದಿನೈದು ಕಿಲೋ ಮಾತ್ರ. ಉಳಿದದ್ದರಲ್ಲಿ ಸಲಿಕೆ ಮತ್ತು ದಪ್ಪನೆಯ ಕೋಟು ಸ್ಕೀ ಚೀಲದೊಳಗೇ ಹೋಗುತ್ತವೆ. ಬೂಟುಗಳನ್ನು ಮಾತ್ರ ಎಂದಿನಂತೆ ಕೈಯಲ್ಲಿಯೇ ಒಯ್ಯುವುದು. ಸ್ಕೀ ದಾರಿಯಲ್ಲಿ ಕಳೆದುಹೋದರೆ ಹೂವಿನ ಚಿತ್ತಾರದ್ದಾದರೂ ಬಾಡಿಗೆಗೆ ಸಿಗುತ್ತದೆ, 22.5ರ ಬೂಟು ನನಗೆ ಗುಲ್ಮಾರ್ಗದ ಯಾವ ಅಂಗಡಿಯಲ್ಲಿಯೂ ಸಿಕ್ಕಿದ್ದಿಲ್ಲ.