ಅಜ್ಜನ ಕೊಂಬಿನ ಹಿಡಿ ಚಾಕು: ಜೂನ್‌ನಿಂದ ಅಕ್ಟೋಬರ್‌ವರೆಗೆ

ಜೂನ್ 14

ಸಾಗರದ ಹತ್ತಿರ ನಮ್ಮ ಹಳೇ ಮನೆ. ಮಳೆ ಜೋರಾಗುವ ಮೊದಲು ಅಟ್ಟ ಖಾಲಿ ಮಾಡೋಣ ಅಂತ ಹತ್ತಿದಾಗ ಅಜ್ಜನ ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಶಾನುಭೋಗಿಕೆ ಕಾಲದ ಒಂದಷ್ಟು ಕಾಗದ, ಒಣಗಿದ ಮಸಿ ಕುಡಿಕೆ, ಪಂಚೆ ತುಂಡಲ್ಲಿ ಸುತ್ತಿಟ್ಟ ಮಡಚುವ ಚಾಕು. ಮುಚ್ಚಿದರೆ ನನ್ನ ನಡುಬೆರಳಷ್ಟು ಉದ್ದ. ಅಲಗು ಎರಡು, ಒಂದು ದೊಡ್ಡದು, ಒಂದು ಚಿಕ್ಕದು. ಹಿಡಿ ಕಪ್ಪು ಕೊಂಬಿನದು.

ಮನೆಯಲ್ಲಿ ಎಲ್ಲರೂ ಇದನ್ನು ‘ರಾಜರ್ಸ್ ಚಾಕು’ ಅಂತಲೇ ಕರೆಯುತ್ತಿದ್ದರು. ದೊಡ್ಡ ಅಲಗಿನ ಬುಡದಲ್ಲಿ ನಿಜಕ್ಕೂ ಜೋಸೆಫ್ ರಾಜರ್ಸ್ ಅಂಡ್ ಸನ್ಸ್, ಶೆಫೀಲ್ಡ್ ಎಂಬ ಮುದ್ರೆ ಇದೆ. ಶೆಫೀಲ್ಡ್ ಅಂದರೆ ಚಾಕು ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಊರು. ಪಕ್ಕದಲ್ಲಿ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ. 1764ರಿಂದ ಆ ಕಂಪನಿಯ ಗುರುತು ಅದು. ಮೇಲೆ ಕಿರೀಟ, ಅದರ ಆಚೀಚೆ ‘ಜಿ’ ಮತ್ತು ‘ಆರ್’. ಅಂದರೆ ಜಾರ್ಜ್ ರಾಜನ ಕಾಲ. ಐದನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1910ರಲ್ಲಿ, ಆರನೇ ಜಾರ್ಜ್ ತೀರಿಕೊಂಡದ್ದು 1952ರಲ್ಲಿ. ಚಾಕು ಇವೆರಡರ ನಡುವಿನದು. ಅಜ್ಜನ ವಯಸ್ಸಿಗೂ ಲೆಕ್ಕ ಸರಿಹೋಗುತ್ತದೆ.

ಸ್ಥಿತಿ ಹೀಗಿದೆ. ದೊಡ್ಡ ಅಲಗಿನ ಮೇಲೆ ಕಿತ್ತಳೆ ಬಣ್ಣದ ತುಕ್ಕು, ಬೆರಳಿಗೆ ಪುಡಿ ಹತ್ತುತ್ತದೆ. ಚಿಕ್ಕ ಅಲಗು ಅರ್ಧಕ್ಕೆ ಬಂದು ನಿಲ್ಲುತ್ತದೆ. ಕೊಂಬಿನಲ್ಲಿ ನಡುವಿನ ಮೊಳೆಯಿಂದ ಹೊರಟ ಒಂದು ಬಿರುಕು. ಒಂದು ಅಂಚಿನಲ್ಲಿ ಹುಳ ಕೊರೆದ ಎರಡು ಸಣ್ಣ ಗುಳಿ. ಹಿಡಿಯ ಒಳಗಿನ ಹಿತ್ತಾಳೆ ತಗಡಿಗೆ ಹಸಿರು ಕಿಲುಬು.

ಪೆಟ್ಟಿಗೆ ಇದ್ದದ್ದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಸೌದೆ ಒಲೆ ಉರಿಯುತ್ತಿದ್ದಷ್ಟು ವರ್ಷ ಅಲ್ಲಿ ಬೆಚ್ಚಗಿತ್ತು. ಗ್ಯಾಸ್ ಬಂದ ಮೇಲೆ ಹೊಗೆಯೂ ಇಲ್ಲ, ಕಾವೂ ಇಲ್ಲ, ಬರೀ ಶೀತ. ಈ ಕಿತ್ತಳೆ ತುಕ್ಕು ಆಮೇಲಿನದು ಅಂತ ನನಗೆ ಅನಿಸುತ್ತದೆ.

ಜೂನ್ 15

ಮನೆಯಲ್ಲಿ ಎರಡು ಪಕ್ಷ. ತಮ್ಮನಿಗೆ ಇದು ಫಳಫಳ ಹೊಳೆಯಬೇಕು. “ಪಾಲಿಶ್ ಹೊಡೆಸಿ ಶೋಕೇಸಲ್ಲಿ ಇಡು ಮಾರಾಯ” ಅನ್ನುತ್ತಾನೆ. ದೊಡ್ಡಪ್ಪ ಮಾತ್ರ, “ಅದರ ಮೇಲೆ ಅಪ್ಪಯ್ಯನ ಕೈ ಓಡಾಡಿದೆ, ಸುಮ್ನೆ ಏನೇನೋ ಮಾಡಬೇಡ” ಅಂದರು.

ನಾನು ದೊಡ್ಡಪ್ಪನ ಕಡೆ. ಕಾರಣ ಇದೆ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಭಾನುವಾರದ ಚೋರ್ ಬಜಾರ್‌ನಲ್ಲಿ ಒಂದು ಶೆಫೀಲ್ಡ್ ಚಾಕು ಕೊಂಡಿದ್ದೆ. ಅದರದ್ದೂ ಕೊಂಬಿನ ಹಿಡಿ. ಹೊಸದರ ಹಾಗೆ ಮಾಡಿಸಬೇಕು ಅಂತ ಪಾತ್ರೆ ಪಾಲಿಶ್ ಮಾಡುವ ಅಂಗಡಿಯೊಂದಕ್ಕೆ ಕೊಟ್ಟೆ. ಪಾಲಿಶ್ ಮಾಡುವ ಬಫ್ ಚಕ್ರಕ್ಕೆ ಹಿಡಿದದ್ದೇ ತಡ, ಕೂದಲು ಸುಟ್ಟ ವಾಸನೆ ಬಂತು. ಕೊಂಬು ಅಂದರೆ ಕೆರಾಟಿನ್. ನಮ್ಮ ಕೂದಲು, ಉಗುರು ಎಲ್ಲ ಅದೇ. ಬಿಸಿಗೆ ಮೆತ್ತಗಾಗಿ ಒಂದು ಬದಿಯ ಪಟ್ಟಿ ತಗಡಿನಿಂದ ಎದ್ದು ಸುರುಳಿಯಾಯಿತು. ಅಲಗಿನ ತುದಿ ನೀಲಿಗಟ್ಟಿತು. ಉಕ್ಕು ಹಾಗೆ ನೀಲಿಯಾಯಿತು ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಹದ ಹೋಗಿದೆ ಅಂತಲೇ ಅರ್ಥ. ಬುಡದ ಮುದ್ರೆ ಸವೆದು ಎರಡು ಅಕ್ಷರ ಉಳಿಯಿತು. ತಯಾರಿಸಿದವರು ಯಾರು ಅಂತ ಈಗ ಯಾರೂ ಹೇಳಲಾರರು. ತಪ್ಪು ಅಂಗಡಿಯವನದಲ್ಲ. ಅವನು ಪಾತ್ರೆಗೆ ಮಾಡುವುದನ್ನೇ ಇದಕ್ಕೂ ಮಾಡಿದ. ಕೊಟ್ಟವನು ನಾನು.

ಆ ಚಾಕುವನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಎರಡರ ಕೆಲಸವೂ ಒಟ್ಟಿಗೇ ಸಾಗಲಿ.

ಜೂನ್ 22

ಹಿಡಿ ನಿಜವಾಗಿ ಯಾವುದರದ್ದು ಅಂತ ಮೊದಲು ಖಚಿತ ಮಾಡಿಕೊಂಡೆ. ಟಾರ್ಚ್ ಬೆಳಕಿಗೆ ಅಂಚು ಹಿಡಿದರೆ ಕಪ್ಪಿನೊಳಗೆ ಜೇನು ಬಣ್ಣದ ಎಳೆಗಳು ಕಾಣುತ್ತವೆ, ಒಂದರ ಪಕ್ಕ ಒಂದು. ಇದು ಎಮ್ಮೆ ಕೊಂಬು. ಮೂಳೆಯಾಗಿದ್ದರೆ ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳು ಇರುತ್ತಿದ್ದವು, ರಕ್ತನಾಳ ಹಾದುಹೋದ ಗುರುತು. ಆನೆದಂತವಾಗಿದ್ದರೆ ಕತ್ತರಿಸಿದ ಮುಖದಲ್ಲಿ ಒಂದನ್ನೊಂದು ದಾಟುವ ಗೆರೆಗಳ ಬಲೆ. ಶೆಫೀಲ್ಡ್‌ನವರು ದಂತ, ಕಡವೆ ಕೊಂಬು ಎರಡನ್ನೂ ಧಾರಾಳವಾಗಿ ಬಳಸುತ್ತಿದ್ದರು. ನಮ್ಮಲ್ಲಿ ಅಂಥದ್ದು ಕೈಗೆ ಬಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕೊಳ್ಳುವ, ಮಾರುವ ಮೊದಲು ಅದನ್ನು ವಿಚಾರಿಸಲೇಬೇಕು.

ಹಿಡಿ ಪ್ಲಾಸ್ಟಿಕ್ಕೋ ಕೊಂಬೋ ನೋಡಲು ಕಾದ ಸೂಜಿ ಚುಚ್ಚಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಕೊಂಬಿಗೆ ಗಾಯ ಶಾಶ್ವತ. ಹಳೇ ಕಾಲದ ಪ್ಲಾಸ್ಟಿಕ್ ಆದ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಹಳೇ ಸೆಲ್ಯುಲಾಯ್ಡ್ ಹಿಡಿಯ ಚಾಕುಗಳನ್ನು ಬೇರೆ ಚಾಕುಗಳ ಜೊತೆ ಇಡಲೂ ಬಾರದು. ಅದು ಕೆಡುವಾಗ ಬಿಡುವ ಆಮ್ಲದ ಆವಿ ಪಕ್ಕದ ಉಕ್ಕನ್ನೆಲ್ಲ ತಿನ್ನುತ್ತದೆ.

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಆ ಕಾಲದಲ್ಲಿ ಶೆಫೀಲ್ಡ್‌ಗೆ ಎಮ್ಮೆ ಕೊಂಬು ಇಂಡಿಯಾದಿಂದಲೂ ಹಡಗಿನಲ್ಲಿ ಹೋಗುತ್ತಿತ್ತು. ಈ ಕೊಂಬೂ ಇಲ್ಲಿಂದ ಹೋಗಿ, ಅಲ್ಲಿ ಹಿಡಿಯಾಗಿ, ಮತ್ತೆ ಇಲ್ಲಿಗೇ ಬಂದಿರಬಹುದು ಅಲ್ವಾ?

ಜೂನ್ 30

ಹುಳ ಇನ್ನೂ ಇದೆಯೋ ಅಂತ ಬಿಳಿ ಕಾಗದದ ಮೇಲೆ ಚಾಕು ಇಟ್ಟು, ಮೇಲೆ ಗಾಜಿನ ಬಟ್ಟಲು ಮುಚ್ಚಿದ್ದೆ. ಎರಡು ವಾರದಲ್ಲಿ ಒಂದು ಕಣ ಪುಡಿಯೂ ಬಿದ್ದಿಲ್ಲ. ಹಳೇ ಗುಳಿ. ಹಾಗೇ ಬಿಟ್ಟೆ.

ಜುಲೈ 6

ಈ ಹೊತ್ತಿಗೆ ತೀರ್ಮಾನ ಗಟ್ಟಿಯಾಯಿತು. ಯಾಕೆ ಅಂತ ಬರೆದಿಡುತ್ತೇನೆ.

ಚಾಕುವನ್ನು ಬಲಗೈಯಲ್ಲಿ ಹಿಡಿದರೆ ಹೆಬ್ಬೆರಳು ಕೂರುವ ಕಡೆ ಕೊಂಬು ತಗ್ಗಾಗಿದೆ. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಆ ತಗ್ಗಿನಲ್ಲಿ ಗೆರೆಗಳೆಲ್ಲ ನುಣ್ಣಗಾಗಿ ಬೇರೆಯದೇ ಒಂದು ಹೊಳಪು. ಸೀಸದಕಡ್ಡಿ ಚೂಪು ಮಾಡಿ, ವೀಳ್ಯದೆಲೆ ತೊಟ್ಟು ಚಿವುಟಿ, ಮಾವಿನಹಣ್ಣು ಹೆಚ್ಚಿ ನಲವತ್ತು ವರ್ಷದಲ್ಲಿ ಆದ ತಗ್ಗು ಅದು. ದೊಡ್ಡ ಅಲಗೂ ಅಷ್ಟೇ. ಸಾಣೆ ಹಿಡಿದು ಹಿಡಿದು ನಡುವೆ ಸಪೂರವಾಗಿದೆ. ಹಿಡಿ ಬದಲಿಸಿದರೆ, ಇಲ್ಲವೇ ಮರಳು ಕಾಗದ ಹಾಕಿ ಮಟ್ಟ ಮಾಡಿದರೆ, ಕೈಗೆ ಉಳಿಯುವುದು ಚೆಂದದ ಒಂದು ರಾಜರ್ಸ್ ಚಾಕು. ಅಂಥವು ಇಂಗ್ಲೆಂಡಿನಲ್ಲಿ ಸಾವಿರಾರು ಇವೆ. ಅಜ್ಜನದು ಇದೊಂದೇ.

ಹಾಗಂತ ತುಕ್ಕನ್ನೂ ನೆನಪು ಅಂತ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಕಿತ್ತಳೆ ಪುಡಿ ತುಕ್ಕು ಇವತ್ತೂ ಉಕ್ಕನ್ನು ತಿನ್ನುತ್ತಿದೆ, ಅದು ನಿಲ್ಲಬೇಕು. ಬೂದು-ಕಪ್ಪು ಬಣ್ಣ ಹಳೇ ಬಳಕೆಯಿಂದ ಕೂತದ್ದು. ಅದು ಉಕ್ಕಿಗೆ ಹೊದಿಕೆಯ ಹಾಗೆ, ಇರಲಿ.

ಜುಲೈ 20

ತುಕ್ಕಿನ ಕೆಲಸ ಮುಗಿಯಿತು. ಅತ್ತೆ ಹುಣಸೆಹಣ್ಣು ನೆನೆಸಿ ಕೊಟ್ಟರು, ಹಿತ್ತಾಳೆಗೆ ನಾವೆಲ್ಲ ಅದನ್ನೇ ಹಾಕುವುದು. ಇಲ್ಲಿ ಆಗದು ಅಂತ ಅವರಿಗೆ ತೋರಿಸಿ ಹೇಳಿದೆ. ಹುಳಿ ತಗಡಿನ ಸಂದಿಗೆ ಇಳಿದರೆ ತೊಳೆದು ತೆಗೆಯಲು ದಾರಿಯಿಲ್ಲ. ಒಳಗೇ ಕೂತು ಮೊಳೆ, ಸ್ಪ್ರಿಂಗ್ ಎರಡನ್ನೂ ತಿನ್ನುತ್ತದೆ. ನಿಂಬೆ, ವಿನೆಗರ್ ಕೂಡ ಅಷ್ಟೇ.

ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿಯಿಂದ ಅಲಗಿಗೆ ಮಾತ್ರ ಸವರಿದೆ. ಮೂರು ದಿನ ಬಿಟ್ಟು ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಕೆರೆದೆ. ಬಿಡದ ಕಡೆ ಹಿತ್ತಾಳೆ ತುಂಡು. ಅದು ಉಕ್ಕಿಗಿಂತ ಮೆತ್ತಗೆ, ಹಾಗಾಗಿ ಗೀರು ಬೀಳುವುದಿಲ್ಲ. ಮತ್ತೆ ಎಣ್ಣೆ, ಮತ್ತೆ ಮೂರು ದಿನ. ಹೀಗೆ ನಾಲ್ಕು ಸುತ್ತು. ಮುದ್ರೆ ಇರುವ ಕಡೆ ಬಿದಿರು ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ತುಕ್ಕು ಹೋದ ಕಡೆ ಸಣ್ಣ ಸಣ್ಣ ಗುಳಿ ಉಳಿದಿವೆ. ಅವನ್ನು ಅಳಿಸಬೇಕೆಂದರೆ ಸುತ್ತಲಿನ ಒಳ್ಳೇ ಉಕ್ಕನ್ನೂ ಅಷ್ಟೇ ಆಳ ತೆಗೆಯಬೇಕು. ಬೇಡ.

ಚಿಕ್ಕ ಅಲಗು ನಿಲ್ಲುತ್ತಿದ್ದ ಕಾರಣವೂ ಸಿಕ್ಕಿತು. ಸ್ಪ್ರಿಂಗಿನ ಸಂದಿಯಲ್ಲಿ ಗಟ್ಟಿಯಾದ ಕಪ್ಪು ಕೊಳೆ. ಹಲ್ಲುಕಡ್ಡಿಯಿಂದ ಬಿಡಿಸುವಾಗ ಅಡಿಕೆ ಚೂರು ಒಂದು ಹೊರಬಂತು, ಎಳ್ಳಿಗಿಂತ ಸಣ್ಣದು. ಅದನ್ನು ಪುಟ್ಟ ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ.

ಸೂಜಿಯ ತುದಿಯಲ್ಲಿ ಒಂದೇ ಹನಿ ಎಣ್ಣೆ ಕೀಲಿಗೆ ಬಿಟ್ಟು ಮೆಲ್ಲಗೆ ಮಡಚಿದೆ. ‘ಟಕ್’ ಅಂತ ಕೂತಿತು. ಜಗಲಿಯಲ್ಲಿದ್ದ ದೊಡ್ಡಪ್ಪ ತಲೆಯೆತ್ತಿ ನೋಡಿದರು. “ಅಪ್ಪಯ್ಯ ಕವಳ (ಎಲೆ ಅಡಿಕೆ) ಹಾಕಿ ಮುಗಿಸಿದ್ರು ಅಂತ ನಮಗೆ ಗೊತ್ತಾಗ್ತಿದ್ದದ್ದೇ ಈ ಶಬ್ದದಿಂದ” ಅಂದರು.

ಆಗಸ್ಟ್ 11

ಕೊಂಬಿನ ಬಿರುಕು. ಮೂರು ವಾರ ಬರೀ ನೋಡುತ್ತಾ ಕೂತಿದ್ದೆ.

ಕಾರಣ ನಡುವಿನ ಕಬ್ಬಿಣದ ಮೊಳೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಹಳೇ ಕೊಂಬು ಒಣಗಿ ಕುಗ್ಗುತ್ತದೆ. ಎರಡೂ ಸೇರಿ ಸೀಳಿದೆ. ಮೊಳೆ ಕೊರೆದು ತೆಗೆದು ಹೊಸದು ಹೊಡೆಯಬಹುದು, ಆದರೆ ಸುತ್ತಿಗೆಯ ಒಂದು ಪೆಟ್ಟು ಜಾಸ್ತಿಯಾದರೆ ಪಟ್ಟಿ ಎರಡು ಹೋಳು. ಬಿರುಕು ಬೆಳೆಯುತ್ತಿಲ್ಲ. ಜೂನ್‌ನಲ್ಲಿ ತೆಗೆದ ಫೋಟೋ ಜೊತೆ ಹೋಲಿಸಿದೆ, ಅಷ್ಟೇ ಇದೆ. ಬಿರುಕಿನ ತುದಿಯಲ್ಲಿ ಕೊಂಬಿನ ಒಂದು ಪದರ ಮಾತ್ರ ಏಳುತ್ತಿತ್ತು. ಅಲ್ಲಿಗೆ ಪ್ಯಾರಲಾಯ್ಡ್ ಬಿ-72 ಅಂಟನ್ನು ಬ್ರಷ್ಷಿನ ಒಂದು ಕೂದಲಿನಿಂದ ಇಳಿಸಿದೆ. ಮ್ಯೂಸಿಯಂಗಳಲ್ಲಿ ಬಳಸುವ ಅಂಟು ಇದು, ಮುಂದೆ ಯಾರಿಗಾದರೂ ಬೇಡ ಅನಿಸಿದರೆ ಅಸಿಟೋನ್‌ನಲ್ಲಿ ಕರಗುತ್ತದೆ. ಫೆವಿಕ್ವಿಕ್ ಥರದ್ದು ಹಾಕಿದರೆ ಹಿಂದಕ್ಕೆ ಬರುವುದು ಕಷ್ಟ.

ಕೊಬ್ಬರಿ ಎಣ್ಣೆ ಹಚ್ಚಿದರೆ ಕೊಂಬು ಮಿಂಚುತ್ತದೆ, ನಿಜ. ಆದರೆ ಅದು ಕಮಟು ಹಿಡಿಯುತ್ತದೆ, ಧೂಳು ಕೂರಿಸಿಕೊಳ್ಳುತ್ತದೆ, ಹುಳಕ್ಕೂ ಇಷ್ಟ. ಮೂಳೆ ಹಿಡಿಯಾದರೆ ಎಣ್ಣೆ ಒಳಕ್ಕಿಳಿದು ಕಲೆ ನಿಂತೇಬಿಡುತ್ತದೆ.

ಸೆಪ್ಟೆಂಬರ್ 7

ಚೋರ್ ಬಜಾರ್ ಚಾಕುವಿನ ಪಾಳಿ. ಇದರಲ್ಲಿ ಉಳಿಸುವಂಥದ್ದು ಏನೂ ಉಳಿದಿರಲಿಲ್ಲ. ಇದನ್ನು ಧೈರ್ಯವಾಗಿ ಹೊಸದು ಮಾಡಿದೆ. ಸುರುಳಿಯಾದ ಪಟ್ಟಿ ತೆಗೆದು, ಹಳೇ ಬಾಗಿಲ ಚೌಕಟ್ಟಿನ ಬೀಟೆ ತುಂಡನ್ನು ತೆಳ್ಳಗೆ ಕೊಯ್ದು ಕೂರಿಸಿದೆ. ಮೊಳೆ ಹಿತ್ತಾಳೆಯದು. ಊರಿನ ಆಚಾರರು ಎದುರಿಗೇ ಕೂತು ಮೊಳೆಯ ತಲೆ ಹೇಗೆ ಸಣ್ಣ ಸಣ್ಣ ಪೆಟ್ಟಿನಲ್ಲಿ ಅಗಲ ಮಾಡಬೇಕು ಅಂತ ತೋರಿಸಿದರು. ನೀಲಿಗಟ್ಟಿದ್ದ ತುದಿಯನ್ನು ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ ತೆಗೆದೆ. ಬೀಟೆ ಪಟ್ಟಿಯ ಒಳಮೈಯಲ್ಲಿ ಇಸವಿ ಕೊರೆದಿದ್ದೇನೆ. ನಾಳೆ ಯಾರೂ ಇದನ್ನು ಮೂಲದ ಹಿಡಿ ಅಂತ ಮಾರಬಾರದು.

ಈಗ ಅಡುಗೆಮನೆಯಲ್ಲಿ ದಿನಾ ಕೆಲಸ ಮಾಡುತ್ತಿದೆ. ತಮ್ಮನಿಗೆ ಇದೇ ಇಷ್ಟ.

ಅಕ್ಟೋಬರ್ 19

ಮಳೆ ಕಡಿಮೆಯಾಗಿದೆ. ಅಜ್ಜನ ಚಾಕುವಿನ ಅಲಗು, ಹಿಡಿ ಎರಡಕ್ಕೂ ರಿನೈಸೆನ್ಸ್ ವ್ಯಾಕ್ಸ್ ತೆಳ್ಳಗೆ ಹಚ್ಚಿ ಹಳೇ ಹತ್ತಿ ಬಟ್ಟೆಯಿಂದ ಒರೆಸಿದೆ. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪಿಸಿದ ಮೇಣ ಇದು. ಹೊಳಪು ಹೆಚ್ಚಿಲ್ಲ. ಬೆರಳಿನ ಬೆವರು ತಾಗದ ಹಾಗೆ ಒಂದು ಪದರ, ಅಷ್ಟೇ ಬೇಕಿತ್ತು.

ಚರ್ಮದ ಚೀಲ ಹೊಲಿಸಿಕೊಡುತ್ತೇನೆ ಅಂತ ಗೆಳೆಯ ಹೇಳಿದ. ಬೇಡ ಅಂದೆ. ಚರ್ಮ ಹದ ಮಾಡಿದ ರಸ ಹಿತ್ತಾಳೆಗೆ ಕಿಲುಬು ಬರಿಸುತ್ತದೆ, ಶೀತವನ್ನೂ ಹಿಡಿದಿಡುತ್ತದೆ. ಮುಚ್ಚಳ ಗಟ್ಟಿಯಾದ ಡಬ್ಬಿ, ಬಿಳಿ ಹತ್ತಿ ಬಟ್ಟೆ, ತೇವ ಹೀರುವ ಸಿಲಿಕಾ ಜೆಲ್ ಒಂದು ಚೀಲ, ತೇವ ತೋರಿಸುವ ಪುಟ್ಟ ಮೀಟರ್. ಇವತ್ತು 52 ಶೇಕಡಾ. ತೀರಾ ಒಣಗಿಸಿದರೆ ಕೊಂಬು ಮತ್ತೆ ಸೀಳುತ್ತದೆ. 50ರ ಆಸುಪಾಸಿನಲ್ಲಿ ಇರಲಿ ಅಂತ ಜೆಲ್ ಕಡಿಮೆ ಮಾಡಿದೆ.

ಡಬ್ಬಿಯೊಳಗೆ ಒಂದು ಹಾಳೆ ಇಟ್ಟಿದ್ದೇನೆ. ಏನು ಮಾಡಿದೆ, ಯಾವ ಅಂಟು, ಯಾವ ಮೇಣ, ಏನನ್ನು ಮುಟ್ಟಲಿಲ್ಲ, ಎಲ್ಲ ತಾರೀಕಿನ ಸಮೇತ. ಅಡಿಕೆ ಚೂರಿನ ಡಬ್ಬಿಯೂ ಅಲ್ಲೇ ಇದೆ.

ಚಿಕ್ಕಮ್ಮ ತಮ್ಮ ತವರಿನ ಹಣ್ಣಿನ ಚಾಕು ತಂದು ಕೊಟ್ಟಿದ್ದಾರೆ. ಅಲಗು ಬೆಳ್ಳಿಯದು, ಹಿಡಿ ಮುತ್ತಿನ ಚಿಪ್ಪು. ಬುಡದಲ್ಲಿ ಶೆಫೀಲ್ಡ್ ಬೆಳ್ಳಿಯ ಕಿರೀಟದ ಗುರುತು ಕಾಣುತ್ತಿದೆ. ಚಿಪ್ಪಿಗೆ ಹುಳಿಯ ಹನಿ ತಾಗಿದರೂ ಮಂಕಾಗುತ್ತದೆ. ಈ ವಾರ ಕೈ ಹಾಕುವುದಿಲ್ಲ, ಬರೀ ಫೋಟೋ ತೆಗೆಯುತ್ತೇನೆ.