ಬಳ್ಳಾರಿಯಿಂದ ಕೋಲ್ಕತ್ತಾ ಟ್ರಾಮ್ ನೋಡಲು ಹೊರಟವರಿಗೆ: ಮೊದಲು ಹಳಿಯ ಹೊಳಪು ನೋಡಿ

ಟ್ರಾಮ್ ನೋಡಲೆಂದೇ ಕೋಲ್ಕತ್ತಾಕ್ಕೆ ಹೋದವರು ಹೌರಾ ಸ್ಟೇಷನ್ನಿನಿಂದ ಹೊರಬಂದ ಕೂಡಲೇ ಸೇತುವೆ ಮೇಲೆ ಅದನ್ನು ಹುಡುಕುತ್ತಾರೆ. ಅಲ್ಲಿ ಸಿಗುವುದಿಲ್ಲ. 1943ರಲ್ಲಿ ಆ ಸೇತುವೆ ದಾಟಿದ ಮೊದಲ ಗಾಡಿಯೇ ಟ್ರಾಮ್ ಅನ್ನುವುದು ನಿಜ. ಆದರೆ 1993ರಲ್ಲೇ ಸೇತುವೆ ಮೇಲಿನ ಓಡಾಟ ನಿಂತುಹೋಯಿತು. ಹಳೆಯ ಫೋಟೊ ನಂಬಿ ಅಲ್ಲಿ ಬಿಸಿಲಲ್ಲಿ ನಿಲ್ಲಬೇಡಿ.

ಇನ್ನೊಂದು ಮೋಸ ಹಳಿಗಳದ್ದು. ಊರಿನ ಎಷ್ಟೋ ರಸ್ತೆಗಳಲ್ಲಿ ಹಳಿ ಇವೆ, ಟ್ರಾಮ್ ಇಲ್ಲ. ಖಿದಿರ್‌ಪುರದ ಮಾರ್ಗವಂತೂ 2020ರ ಆಂಫಾನ್ ಚಂಡಮಾರುತದಲ್ಲಿ ತಂತಿ ಹರಿದ ಮೇಲೆ ಮತ್ತೆ ಶುರುವಾಗಲಿಲ್ಲ. ಇದೇ ಮಾರ್ಗದಲ್ಲಿ 1902ರ ಮಾರ್ಚ್ 27ರಂದು ಮೊದಲ ವಿದ್ಯುತ್ ಟ್ರಾಮ್ ಓಡಿತ್ತು ಎಂದು ನೆನೆದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಜೀವಂತ ಹಳಿ ಯಾವುದು, ಸತ್ತದ್ದು ಯಾವುದು ಎಂದು ಗುರುತಿಸುವುದು ನಮ್ಮ ಕಡೆಯವರಿಗೆ ಕಷ್ಟವಲ್ಲ. ತೋರಣಗಲ್ಲಿನಲ್ಲಿ ಅದಿರಿನ ಗಾಡಿ ಓಡುವ ಹಳಿ ಕನ್ನಡಿಯಂತೆ ಮಿನುಗುತ್ತದೆ, ಪಕ್ಕದ ಸೈಡಿಂಗಿನಲ್ಲಿ ಬಳಸದೆ ಬಿಟ್ಟದ್ದು ತುಕ್ಕು ಹಿಡಿದು ಕೆಂಪಗಿರುತ್ತದೆ. ಇಲ್ಲೂ ಹಾಗೆಯೇ. ಹಳಿಯ ನೆತ್ತಿ ಹೊಳೆಯುತ್ತಿದೆಯೇ, ಸೀಳಿನಲ್ಲಿ ಡಾಂಬರು ತುಂಬಿಲ್ಲವೇ, ಮೇಲೆ ತಂತಿ ಇದೆಯೇ ಎಂಬ ಈ ಮೂರನ್ನು ನೋಡಿಕೊಳ್ಳಿ. ಮೂರೂ ಇದ್ದರೆ ಮಾತ್ರ ಕಾಯಿರಿ.

2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಾರಿಗೆ ಮಂತ್ರಿ ಊರ ನಡುವಿನ ಎಸ್‌ಪ್ಲನೇಡಿನಿಂದ ಮೈದಾನ ಎಂಬ ದೊಡ್ಡ ಬಯಲಿಗೆ ಹೋಗುವ ಒಂದು ಮಾರ್ಗ ಬಿಟ್ಟು ಉಳಿದದ್ದೆಲ್ಲ ನಿಲ್ಲಿಸುತ್ತೇವೆ ಎಂದರು. ವಿಷಯ ಹೈಕೋರ್ಟಿನಲ್ಲೂ ಇತ್ತು. ಆ ಹೊತ್ತಿಗೆ ಉಳಿದಿದ್ದದ್ದು ಎರಡೇ ಮಾರ್ಗ: ಶ್ಯಾಮ್‌ಬಜಾರ್–ಎಸ್‌ಪ್ಲನೇಡ್ ನಡುವಿನ 5, ಗರಿಯಾಹಾಟ್–ಎಸ್‌ಪ್ಲನೇಡ್ ನಡುವಿನ 25. ಹೊರಡುವ ವಾರ ಇವು ಓಡುತ್ತಿವೆಯೇ ಎಂದು ತಿಳಿದುಕೊಂಡೇ ಟಿಕೆಟ್ ಮಾಡಿಸಿ. ಮುಂಬೈಯ ಟ್ರಾಮ್ 1964ರಲ್ಲಿ, ಚೆನ್ನೈಯದು 1953ರಲ್ಲೇ ಹೋಯಿತು. ದೇಶದಲ್ಲಿ ಉಳಿದಿರುವುದು ಇದೊಂದೇ, ಹಾಗಾಗಿ ಬರುವ ವರ್ಷ ನೋಡಿದರಾಯಿತು ಎಂದು ಮುಂದೂಡುವ ಪ್ರವಾಸ ಇದಲ್ಲ.

ನಿಲ್ಲಲು ಒಳ್ಳೆಯ ಜಾಗ ಲೆನಿನ್ ಸರಣಿ. ಎರಡೂ ಮಾರ್ಗದ ಗಾಡಿಗಳು ಎಸ್‌ಪ್ಲನೇಡಿಗೆ ಬರುವಾಗ ಇದೇ ರಸ್ತೆಗೆ ಸೇರುತ್ತವೆ, ಹಾಗಾಗಿ ಒಂದೇ ಕಡೆ ನಿಂತು ಎರಡನ್ನೂ ನೋಡಬಹುದು. ಫೋಟೊಗೆ ಮಾತ್ರ ಕಾಲೇಜ್ ಸ್ಟ್ರೀಟೇ ಸರಿ. ಪುಸ್ತಕದ ಅಂಗಡಿಗಳ ನಡುವೆ 5ನೇ ನಂಬರ್ ಬರುವುದನ್ನು ಬೆಳಗ್ಗೆ ಎಂಟರ ಸುಮಾರಿಗೆ, ರಸ್ತೆ ತುಂಬುವ ಮೊದಲು ಹಿಡಿಯಿರಿ. ಹತ್ತು ಗಂಟೆಯ ಮೇಲೆ ಟ್ರಾಮಿಗಿಂತ ಕೈಗಾಡಿಗಳೇ ಹೆಚ್ಚು ಕಾಣುತ್ತವೆ. ಗಾಡಿ ಯಾವಾಗ ಬರುತ್ತದೆ ಎಂದು ಯಾರನ್ನೂ ಕೇಳಬೇಡಿ, ಸಮಯದ ಲೆಕ್ಕವೇ ಇಲ್ಲ. ತಂತಿ ನೋಡುತ್ತಿರಿ. ಗಾಡಿ ಕಾಣುವ ಮುನ್ನವೇ ಅದು ನಡುಗತೊಡಗುತ್ತದೆ. ಆಮೇಲೆ ಡ್ರೈವರ್ ಕಾಲಿನಿಂದ ಒತ್ತುವ ಗಂಟೆ ಠಣ್ ಠಣ್ ಎಂದು ಕೇಳುತ್ತದೆ.

ನೋಡಿ ಬಂದರೆ ಸಾಲದು, ಹತ್ತಬೇಕು. ಪ್ರವಾಸಿಗರ ಎಸಿ ಟ್ರಾಮ್ ಬಿಡಿ, ಗಾಜಿನ ಹಿಂದೆ ಕೂತರೆ ಸದ್ದೇ ಕೇಳುವುದಿಲ್ಲ. ಏಳು ರೂಪಾಯಿ ಆಸುಪಾಸಿನ ಮಾಮೂಲಿ ಗಾಡಿಗೆ ಚಿಲ್ಲರೆ ಇಟ್ಟುಕೊಂಡು ಹತ್ತಿ. ಎರಡು ಡಬ್ಬಿ ಸೇರಿಸಿದ ಗಾಡಿಯಾದರೆ ಮುಂದಿನದರಲ್ಲಿ ಡ್ರೈವರ್ ಹಿಂದೆ ನಿಂತು, ಕಂಟ್ರೋಲರ್ ಹಿಡಿಯನ್ನು ಹಂತಹಂತವಾಗಿ ತಿರುಗಿಸುವುದನ್ನು ನೋಡಿ. ಹಿಡಿ ಒಂದೊಂದು ಹಂತ ದಾಟಿದಂತೆ ಮೋಟರಿನ ಗುಂಯ್‌ಗುಟ್ಟುವಿಕೆ ಏರುತ್ತದೆ. ಮೇಲಿನ ಒಂಟಿ ತಂತಿಯಲ್ಲಿ 550 ವೋಲ್ಟ್ ಡಿಸಿ ಕರೆಂಟ್ ಬರುತ್ತದೆ, ಹಿಂದಿರುಗುವ ದಾರಿ ಹಳಿಯೇ. ನಮ್ಮ ಬ್ರಾಡ್‌ಗೇಜ್ ರೈಲಿನ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ. ಆದರೆ ಇದರದು 1435 ಮಿ.ಮೀ.

ಕೆಲವೊಮ್ಮೆ ತಿರುವಿನಲ್ಲಿ, ಕರೆಂಟ್ ಎಳೆಯುವ ಚಾವಣಿಯ ಮೇಲಿನ ಕಂಬ ತಂತಿಯಿಂದ ಜಾರುತ್ತದೆ. ಫ್ಯಾನು ನಿಲ್ಲುತ್ತದೆ, ಗಾಡಿಯೂ ನಿಲ್ಲುತ್ತದೆ. ಹೆದರಬೇಡಿ, ಕಂಡಕ್ಟರ್ ಇಳಿದು ಹಿಂದೆ ಕಟ್ಟಿದ ಹಗ್ಗ ಎಳೆದು ಕಂಬವನ್ನು ಮತ್ತೆ ತಂತಿಗೆ ಕೂರಿಸುತ್ತಾರೆ. ಇದಕ್ಕಿಂತ ದೊಡ್ಡ ತೊಂದರೆ ಹಳಿ ಮೇಲೆ ನಿಲ್ಲಿಸಿದ ಗಾಡಿಗಳದು. ಟ್ರಾಮ್ ಪಕ್ಕಕ್ಕೆ ತಿರುಗಿಸಿ ಹೋಗುವಂತಿಲ್ಲ, ಹಾಗಾಗಿ ಒಬ್ಬ ಟೆಂಪೋದವನು ಸರಕು ಇಳಿಸುವವರೆಗೆ ಹಿಂದಿನ ಟ್ರಾಮುಗಳೆಲ್ಲ ಸಾಲಾಗಿ ನಿಲ್ಲಬೇಕು. ಮಳೆಗಾಲದಲ್ಲಿ ಹಳಿ ಮೇಲೆ ನೀರು ನಿಂತರೆ ಡಬ್ಬಿಯ ಅಡಿಯ ಮೋಟರಿಗೆ ಅಪಾಯ, ಅಂದು ಓಡಾಟವೇ ಬಂದ್. ಜೂನ್‌ನಿಂದ ಸೆಪ್ಟೆಂಬರ್ ಬೇಡ, ದುರ್ಗಾಪೂಜೆಯ ವಾರವೂ ಬೇಡ. ಡಿಸೆಂಬರ್, ಜನವರಿ ಒಳ್ಳೆಯದು. ಬಳ್ಳಾರಿಯ ಬಿಸಿಲು ತಡೆದವರಿಗೂ ಅಲ್ಲಿನ ಬೇಸಿಗೆಯ ಬೆವರು ತಡೆಯಲಾಗದು.

ಇಳಿಯುವಾಗ ಎಚ್ಚರ: ಟ್ರಾಮ್ ರಸ್ತೆಯ ಮಧ್ಯದಲ್ಲಿ ನಿಲ್ಲುತ್ತದೆ, ಅದಕ್ಕೂ ಫುಟ್‌ಪಾತಿಗೂ ನಡುವೆ ಬೈಕುಗಳು ಬಿರುಸಾಗಿ ಬರುತ್ತಿರುತ್ತವೆ. ಮೆಟ್ಟಿಲು ಎತ್ತರ. ಮೊದಲು ಹಿಂದಕ್ಕೆ ತಿರುಗಿ ನೋಡಿ, ಆಮೇಲೆ ಕಾಲಿಡಿ. ಹಿರಿಯರು, ಮಕ್ಕಳು ಜೊತೆಗಿದ್ದರೆ ಕೊನೆಯ ನಿಲ್ದಾಣದವರೆಗೆ ಕೂತೇ ಹೋಗಿ.

ಶ್ಯಾಮ್‌ಬಜಾರ್ ತುದಿಯಲ್ಲಿ ಇಳಿದರೆ ಐದು ರಸ್ತೆ ಕೂಡುವಲ್ಲಿ, ನೇತಾಜಿಯ ಕುದುರೆ ಪ್ರತಿಮೆಯ ಹತ್ತಿರ ಹರಿದಾಸ್ ಮೋದಕ್ ಅಂಗಡಿ ಇದೆ. ಬೆಳಗ್ಗೆ ಹಸಿದು ಹೋಗಿ. ಬಾಳೆ ಎಲೆಯ ಮೇಲೆ ಉಬ್ಬಿದ ಕಚೋರಿ, ಆಲೂಗಡ್ಡೆ ಪಲ್ಯ ಬಡಿಸುತ್ತಾರೆ. ನಮ್ಮ ಪೂರಿಗಿಂತ ತೆಳು, ಎಣ್ಣೆ ಕಡಿಮೆ ಹಿಡಿದಿರುತ್ತದೆ, ಪಲ್ಯದಲ್ಲಿ ಈರುಳ್ಳಿಯ ಘಾಟು ಇರುವುದಿಲ್ಲ. ಬೆಂಚಿನ ಮೇಲೆ ಒತ್ತಿಕೊಂಡು ಕೂರಬೇಕು, ಎದ್ದವರ ಜಾಗಕ್ಕೆ ಕಾಯಬೇಕು, ಆದರೂ ಎರಡು ಸುತ್ತು ತಿನ್ನದೆ ಏಳಲಾಗುವುದಿಲ್ಲ. ಕಾಲೇಜ್ ಸ್ಕ್ವೇರ್ ಪಕ್ಕದ ಪ್ಯಾರಾಮೌಂಟ್‌ನಲ್ಲಿ ಎಳನೀರಿನ ಶರಬತ್ತು ಕುಡಿಯಿರಿ, ಅಂಗಡಿ 1918ರದು. ಒಗ್ಗಾಣಿ ಮಿರ್ಚಿ ನೆನಪಾಗಿ ಝಾಲ್‌ಮುರಿ ಎಂಬ ಖಾರದ ಮಂಡಕ್ಕಿ ಕೊಂಡರೆ ಸಾಸಿವೆ ಎಣ್ಣೆ ಕಡಿಮೆ ಹಾಕಲು ಹೇಳಿ, ಇಲ್ಲವಾದರೆ ಮೂಗು ಉರಿಯುತ್ತದೆ.

ರಾತ್ರಿ ತಡವಾಗಿ ಇಳಿದವರನ್ನು ಸ್ಟೇಷನ್ ಹೊರಗಿನ ದಲ್ಲಾಳಿಗಳು ಮುತ್ತುತ್ತಾರೆ. ಕಿಟಕಿ ಇಲ್ಲದ ಕೋಣೆಗೆ ಎಸ್‌ಪ್ಲನೇಡಿನ ಒಳ್ಳೆಯ ಕೋಣೆಯ ಬಾಡಿಗೆ ಕೇಳುತ್ತಾರೆ. ಮೊದಲೇ ಎಸ್‌ಪ್ಲನೇಡ್ ಕಡೆ ಕೋಣೆ ಹೇಳಿಡಿ. ಹೌರಾದಿಂದ ಅಲ್ಲಿಗೆ 2024ರಿಂದ ನದಿಯ ಅಡಿಯಲ್ಲಿ ಮೆಟ್ರೊ ಇದೆ. ಎಸ್‌ಪ್ಲನೇಡಿನಲ್ಲೇ 1938ರ ಟ್ರಾಮ್ ಡಬ್ಬಿಯಲ್ಲಿ ಮಾಡಿದ ಸ್ಮರಣಿಕಾ ಎಂಬ ಪುಟ್ಟ ಮ್ಯೂಸಿಯಂ ಇದೆ, ಗುರುವಾರ ರಜೆ.

ಬಳ್ಳಾರಿ, ಹೊಸಪೇಟೆಯವರಿಗೆ ಅಮರಾವತಿ ಎಕ್ಸ್‌ಪ್ರೆಸ್ ನೇರ ಗಾಡಿ. ರಾಯಚೂರಿನವರು ಸಿಕಂದರಾಬಾದಿಗೆ ಹೋಗಿ ಫಲಕ್‌ನುಮಾ ಎಕ್ಸ್‌ಪ್ರೆಸ್ ಹಿಡಿಯಬಹುದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಳ್ಳಿ, ಒಂದು ರಾತ್ರಿ ಒಂದು ಹಗಲು ಗಾಡಿಯಲ್ಲೇ ಕಳೆಯಬೇಕು. ಹಿಂದಿರುಗುವ ಟಿಕೆಟ್ ಮೇಲೆ ಹೌರಾ ಇದೆಯೋ ಶಾಲಿಮಾರ್ ಇದೆಯೋ ಎರಡು ಸಲ ಓದಿ. ಅವು ಬೇರೆ ಬೇರೆ ಸ್ಟೇಷನ್ನುಗಳು, ಶಾಲಿಮಾರ್‌ಗೆ ಮೆಟ್ರೊ ಇಲ್ಲ.